ಆಟದ ಮೇಷ್ಟ್ರು ಎಳೆದ ಆರು ಗೆರೆ

ಅವರ ಹುಬ್ಬಿನ ಮೇಲೆ ಯಾವಾಗಲೂ ಒಂದಿಷ್ಟು ಸುಣ್ಣದ ಪುಡಿ ಕೂತಿರುತ್ತಿತ್ತು. ಒರೆಸಿಕೊಂಡರೆ ಮೀಸೆಗೆ ಇಳಿಯುತ್ತಿತ್ತು, ಅಷ್ಟೆ. ಆ ಬುಧವಾರ ಬೆಳಗ್ಗೆ ತರೀಕೆರೆಯ ನಮ್ಮ ಕಾಲೇಜು ಮೈದಾನದಲ್ಲಿ ಇದ್ದವರು ಇಷ್ಟು: ಎಲ್ಲೆಲ್ಲಿಂದಲೋ ಬಂದಿದ್ದ ಮೂವತ್ತು ಮಂದಿ ಗಣಿತದ ವಿದ್ಯಾರ್ಥಿಗಳು, ಅವರನ್ನೆಲ್ಲ ಕರೆಸಿದ್ದ ಪ್ರೊಫೆಸರ್ ಮೇಡಂ, ದಿನವೂ ಹಿರೇನಲ್ಲೂರಿನಿಂದ ಹೊರಟು ಕಡೂರಲ್ಲಿ ಬಸ್ಸು ಬದಲಿಸಿ ಬರುತ್ತಿದ್ದ ನಾನು, ಮತ್ತು ಬಿಳಿ ಹುಬ್ಬಿನ ನಮ್ಮ ಆಟದ ಮೇಷ್ಟ್ರು.

ನಡೆಯುತ್ತಿದ್ದದ್ದು ಗಣಿತದ ಬೇಸಿಗೆ ಶಾಲೆ. ಗೆರೆಗಳನ್ನು ಹೇಗೆಲ್ಲ ಎಳೆದರೆ ಜಾಗ ಎಷ್ಟು ತುಂಡಾಗುತ್ತದೆ, ಆ ತುಂಡುಗಳು ಒಂದರ ಪಕ್ಕ ಒಂದು ಹೇಗೆ ಕೂತಿರುತ್ತವೆ ಅನ್ನುವುದೇ ವಿಷಯ. ಅದಕ್ಕೆ ಟೊಪಾಲಜಿ, ಕಾಂಬಿನೇಟೋರಿಕ್ಸ್ ಅಂತ ದೊಡ್ಡ ಹೆಸರುಗಳಿದ್ದವು. ರಜೆಯಲ್ಲಿ ಕಾಲೇಜಿನ ಬೀಗದ ಕೈ ಇರುತ್ತಿದ್ದದ್ದು ಆಟದ ಮೇಷ್ಟ್ರ ಬಳಿ. ಹಾಗಾಗಿ ದಿನವೂ ಅಜ್ಜಂಪುರದಿಂದ ಸ್ಕೂಟರಿನಲ್ಲಿ ಬಂದು ಬಾಗಿಲು ತೆಗೆಯುತ್ತಿದ್ದರು. ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಅವರು ಬಿಡಬೇಕಲ್ಲ! ಹನ್ನೊಂದು ಗಂಟೆಗೆ ಸರಿಯಾಗಿ ಪೀಪಿ ಊದುವರು. ದೆಹಲಿಯಿಂದ ಬಂದ ವಿದ್ವಾಂಸರು ಅರ್ಧ ವಾಕ್ಯದಲ್ಲಿ ಬೆಚ್ಚಿ ನಿಲ್ಲುವರು. "ಎದ್ದು ನಿಲ್ರಪ್ಪ ಎಲ್ಲಾ. ನೀವು ಕೂತ್ಕಂಡ್ರೆ ಲೆಕ್ಕನೂ ಕೂತ್ಕಂಬಿಡ್ತದೆ" ಎಂದು ಎಲ್ಲರ ಕೈಕಾಲು ಆಡಿಸುವರು. ಎರಡನೆಯ ದಿನಕ್ಕೆ ಆ ವಿದ್ವಾಂಸರೇ ಹತ್ತು ಐವತ್ತೈದಕ್ಕೆ ಬಾಗಿಲ ಕಡೆ ನೋಡತೊಡಗಿದರು.

ಈ ತಮಾಷೆಯ ನಡುವೆಯೂ ನನಗೆ ಒಳಗೊಂದು ಸಂಕಟವಿತ್ತು. ಮೇಡಂ ಹೇಳಿಬಿಟ್ಟಿದ್ದರು: "ಈ ವರ್ಷ ನನ್ನ ಹತ್ರ ಸಂಶೋಧನೆಗೆ ಒಂದೇ ಜಾಗ ಇದೆ. ಬುಧವಾರ ನೀನು ಎಲ್ಲರೆದುರು ಮಾತಾಡು, ನೋಡೋಣ." ಲೆಕ್ಕ ನನಗೆ ಬರುತ್ತಿತ್ತು. ಕಪ್ಪು ಹಲಗೆಯ ಮುಂದೆ ನಿಂತರೆ ದನಿಯೇ ಹೊರಡುತ್ತಿರಲಿಲ್ಲ. ಖಾಲಿ ಕೊಠಡಿಯಲ್ಲಿ ಎರಡು ಸಲ ಅಭ್ಯಾಸ ಮಾಡಿದೆ, ಎರಡು ಸಲವೂ ಮೊದಲ ವಾಕ್ಯಕ್ಕೇ ನಿಂತೆ. ಕಿಟಕಿಯಾಚೆ ನಿಂತು ನೋಡಿದ ಮೇಷ್ಟ್ರು ಅಂದರು: "ಖೋ ಖೋ ಆಡ್ವಾಗ ಊರಿಗೆಲ್ಲ ಕೇಳಂಗೆ ಕಿರುಚ್ತಿದ್ದೆ. ಈ ಹಲಗೆ ಏನ್ ಹುಲಿನಾ? ಮೈದಾನಕ್ಕೇ ಬಾ. ಗೆರೆ ನಾನ್ ಹಾಕ್ಕೊಡ್ತೀನಿ."

ಚೀಟಿಯಲ್ಲಿ ಚಿತ್ರ ಬರೆದುಕೊಟ್ಟೆ. ಆರು ಗೆರೆಗಳು. ಪ್ರತಿಯೊಂದೂ ಉಳಿದ ಐದನ್ನೂ ಕತ್ತರಿಸಬೇಕು, ಯಾವ ಮೂರೂ ಒಂದೇ ಕಡೆ ಸೇರಬಾರದು. ಆಗ ಇಪ್ಪತ್ತೆರಡು ತುಂಡು. ಅದನ್ನು ವಿವರಿಸುವುದೇ ನನ್ನ ಭಾಷಣ.

ಬುಧವಾರ ಬಂದು ನೋಡುತ್ತೇನೆ, ಮೈದಾನದಲ್ಲಿ ಆರು ಗೆರೆ ಫಳಫಳ ಹೊಳೆಯುತ್ತಿವೆ. ಹಗ್ಗ ಹಿಡಿದು ಎಳೆದ ನೇರ, ಸಮ ಅಂತರ. ಒಂದು ಇನ್ನೊಂದನ್ನು ಮುಟ್ಟುವ ಮಾತೇ ಇಲ್ಲ! ಓಟದ ಪಂದ್ಯಕ್ಕೆ ಸಿದ್ಧವಾದ ಟ್ರ್ಯಾಕು.

"ಏನ್ ಸಾರ್ ಇದು?"

"ನಿನ್ ಚೀಟಿ ನೋಡ್ದೆ ಕಣಮ್ಮ. ಎಲ್ಲಾ ಸೊಟ್ಟಪಟ್ಟ ಇತ್ತು. ಪಾಪ, ಅವಸರದಲ್ಲಿ ಗೀಚವ್ಳೆ ಅಂತ ನಾನೇ ಸರಿ ಮಾಡ್ದೆ."

ಮೂವತ್ತು ಮಂದಿ ಕಾಫಿ ಲೋಟ ಹಿಡಿದು ಬರುತ್ತಿದ್ದರು. ಹಿಂದೆ ಮೇಡಂ. ನನ್ನ ಕಣ್ಣು ತುಂಬಿತು. ವಿಷಯ ತಿಳಿದ ಮೇಷ್ಟ್ರ ಮುಖ ಒಂದು ಕ್ಷಣ ಸಪ್ಪಗಾಯಿತು. ಆಮೇಲೆ ಗೋಣಿಚೀಲ ಕೈಗೆತ್ತಿಕೊಂಡರು. "ಅಳ್ಬ್ಯಾಡ. ಇನ್ನೂ ಅರ್ಧ ಮೂಟೆ ಸುಣ್ಣ ಐತೆ. ನೀನು ಹೇಳ್ತಾ ಹೋಗು, ನಾನು ಅಳಿಸಿ ಎಳೀತಾ ಹೋಗ್ತೀನಿ."

ಬೇರೆ ದಾರಿಯೇ ಇರಲಿಲ್ಲ. "ಆರು ಗೆರೆ, ಏಳು ತುಂಡು," ಎಂದೆ. "ಇದಕ್ಕಿಂತ ಕಡಿಮೆ ಆಗಲು ಸಾಧ್ಯವಿಲ್ಲ." ಮೇಷ್ಟ್ರು ಒಂದು ಗೆರೆಯನ್ನು ಗೋಣಿಯಿಂದ ಒರೆಸಿ, ಉಳಿದ ಐದನ್ನೂ ಕತ್ತರಿಸುವಂತೆ ಓರೆಯಾಗಿ ಎಳೆದರು. ಹುಡುಗರು ಓಡಾಡಿ ಎಣಿಸಿದರು. ಹನ್ನೆರಡು. ಎರಡನೆಯ ಗೆರೆಯನ್ನು ಬೇರೆ ಓರೆಗೆ ತಿರುಗಿಸಿದರು. ಹದಿನಾರು. ಮೂರನೆಯದಕ್ಕೆ ಹತ್ತೊಂಬತ್ತು. ಸುಣ್ಣದ ಡಬ್ಬ ಕೆಳಗಿಟ್ಟು ಮೇಷ್ಟ್ರು ಇದ್ದಕ್ಕಿದ್ದಂತೆ ಕೂಗಿದರು:

"ಲೇ, ತಡೀರೋ! ಐದು ಜಾಸ್ತಿ ಆಯ್ತು, ಆಮೇಲೆ ನಾಕು, ಆಮೇಲೆ ಮೂರು. ಇನ್ನು ಎರಡು, ಒಂದು. ಇಪ್ಪತ್ತೆರಡಕ್ಕೆ ನಿಂತ್ಕಂತದೆ ತಾನೆ?"

ಮೈದಾನ ಹೋ ಎಂದಿತು. ಉಳಿದ ಎರಡನ್ನೂ ತಿರುಗಿಸಿ ಎಣಿಸಿದರೆ ಇಪ್ಪತ್ತೆರಡೇ. ನಾನು ಬರೆದು ತಂದಿದ್ದ ಸೂತ್ರ ಅವರ ಬಾಯಲ್ಲಿ ನನಗಿಂತ ಮೊದಲೇ ಬಂದಿತ್ತು. ಸಮಾನಾಂತರವಾಗಿ ಶುರು ಮಾಡದೇ ಹೋಗಿದ್ದರೆ ಆ ಐದು, ನಾಲ್ಕು, ಮೂರು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನಾನೂ ಕಿರುಚಿದೆ, ಖೋ ಖೋ ದನಿಯಲ್ಲಿ: ಒಂದು ಗೆರೆ ತಿರುಗಿದಾಗ, ಮೊದಲು ಮುಟ್ಟದಿದ್ದ ಎಷ್ಟು ಗೆರೆಗಳನ್ನು ಹೊಸದಾಗಿ ದಾಟುತ್ತದೋ ಅಷ್ಟು ತುಂಡು ಹೆಚ್ಚುತ್ತದೆ!

ಮೇಡಂ ಸೀರೆ ನೆರಿಗೆ ಎತ್ತಿಕೊಂಡು ಗೆರೆ ದಾಟಿ ಬಂದರು. "ಕೊನೆಯ ಚಿತ್ರದಲ್ಲಿ ಮೂರು ಗೆರೆ ಒಂದೇ ಬಿಂದುವಿನಲ್ಲಿ ಸೇರಿದರೆ?"

"ಒಂದು ತ್ರಿಕೋನ ಮಾಯ ಆಗುತ್ತೆ ಮೇಡಂ. ಇಪ್ಪತ್ತೊಂದೇ."

"ಹಂಗಾರೆ ಅದು ಎಲ್ಲಿಗ್ ಹೋಯ್ತು?" ಎಂದರು ಮೇಷ್ಟ್ರು, ನೆಲ ನೋಡುತ್ತಾ. ಮೇಡಂ ನಕ್ಕು ನನ್ನ ಕಡೆ ತಿರುಗಿದರು. "ಅದನ್ನೇ ನೀನು ಮುಂದಿನ ನಾಲ್ಕು ವರ್ಷ ಯೋಚನೆ ಮಾಡು."

ಆ ಜಾಗ ನನಗೆ ಸಿಕ್ಕಿದ್ದು ಹೀಗೆ. ಮೇಷ್ಟ್ರು ಎಲ್ಲರಿಗೂ ಎರಡನೆಯ ಕಾಫಿ ತರಿಸಿ, ಹುಡುಗರಿಗೆ ತಮ್ಮ ತಪ್ಪನ್ನು ತಾವೇ ಬಣ್ಣಿಸಿ ನಗಿಸಿದರು.

ಜುಲೈಯಲ್ಲಿ ಸಂಶೋಧನೆಗೆ ಸೇರಲು ವಿಶ್ವವಿದ್ಯಾಲಯಕ್ಕೆ ಹೋದೆ. ಅರ್ಜಿಯಲ್ಲಿ, ನಿಮ್ಮನ್ನು ಚೆನ್ನಾಗಿ ಬಲ್ಲ ಒಬ್ಬ ಅಧ್ಯಾಪಕರ ಹೆಸರು ಬರೆಯಿರಿ ಎಂದಿತ್ತು. ಬರೆದೆ. ಗುಮಾಸ್ತರು ಓದಿ ಕೇಳಿದರು, "ಇವ್ರು ಗಣಿತದಲ್ಲಿ ಯಾವ ವಿಭಾಗ?"

"ಆಟದ ಮೇಷ್ಟ್ರು ಸಾರ್," ಅಂದೆ.

ಅವರು ಇನ್ನೊಂದು ಸಲ ಕೇಳಿದರು. ಇನ್ನೊಂದು ಸಲ ಅದನ್ನೇ ಹೇಳಿದೆ. ಬರೆದುಕೊಂಡರು.