ಟೈಲರಮ್ಮನ ಶಾಲೆ

ಟೈಲರಮ್ಮನ ಶಾಲೆಗೆ ಗಂಟೆಯಿಲ್ಲ, ಬೆಂಚಿಲ್ಲ, ಇದ್ದದ್ದು ಒಬ್ಬಳೇ ವಿದ್ಯಾರ್ಥಿನಿ. ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಕಿಟಕಿ ಪಕ್ಕದ ಹೊಲಿಗೆ ಯಂತ್ರವೇ ಮೇಡಮ್ಮಿನ ಮೇಜು. ಅದರ ಬುಡದಲ್ಲಿ ಚಾಪೆ ಹಾಸಿಕೊಂಡು, ಬಟ್ಟೆಚೂರುಗಳ ನಡುವೆ, ಹತ್ತು ವರ್ಷದ ಮಗಳು ಕೂರುತ್ತಿದ್ದಳು. ಮನೆಯಲ್ಲಿ ಅವಳಿಗೆ ಚೋಟು ಎಂದೇ ಹೆಸರು.

ಎರಡು ವರ್ಷದ ಹಿಂದೆ ಅವಳ ಶಾಲೆಯ ಹೆಡ್ ಮೇಡಂ ತಾಯಿಯನ್ನು ಕರೆಸಿ, "ನಿಮ್ಮ ಮಗೂಗೆ ಅಕ್ಷರವೇ ತಲೆಗೆ ಹತ್ತಲ್ಲ ಕಣಮ್ಮ. ಚಿಕ್ಕ ಮಕ್ಕಳ ಜೊತೆ ಕೂರಿಸ್ತೀವಿ" ಎಂದಿದ್ದರು. ಟೈಲರಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ ಇರುವುದು. "ಏನೂ ಬೇಡ. ನಾನು ಮನೇಲೇ ಪಟಪಟ ಅಂತ ಓದಿಸ್ತೀನಿ, ನೋಡ್ತಿರಿ" ಎಂದು ಸವಾಲು ಹಾಕಿ, ಮಗಳ ಚೀಲವನ್ನು ತನ್ನ ಹೆಗಲಿಗೇ ಏರಿಸಿಕೊಂಡು ಬಂದಿದ್ದಳು.

ಆದರೆ ನೋಡಿ, ಓದಿಸಿಯೇಬಿಟ್ಟಳು! ಬೆಳಿಗ್ಗೆ ಪಾತ್ರೆ ತೊಳೆದಿಟ್ಟು ಬಂದು ತಾನೊಂದು ಸಲ ಪಾಠವನ್ನು ಗಟ್ಟಿಯಾಗಿ ಓದುವುದು, ಆಮೇಲೆ ಯಂತ್ರ ತುಳಿಯುತ್ತ ಮಗಳ ಕೈಲಿ ಓದಿಸುವುದು. ಕಣ್ಣು ಸೂಜಿಯ ಮೇಲೆ, ಕಿವಿ ಮಗಳ ಮೇಲೆ. ಒಂದು ತಪ್ಪಿಲ್ಲ, ಒಂದು ತಡವರಿಕೆಯಿಲ್ಲ. ಅಮ್ಮ ಬರೆದಿಡುವ ಗಿರಾಕಿಗಳ ಅಳತೆ ಪುಸ್ತಕವೂ ಚೋಟುವಿನ ಸುಪರ್ದಿಗೆ ಬಂತು. "ಬೇಕರಿಯವರ ಮಗನ ಭುಜ ಎಷ್ಟೇ?" ಎಂದರೆ ಪುಸ್ತಕ ತೆರೆದು, "ಹದಿಮೂರೂವರೆ" ಎನ್ನುತ್ತಿದ್ದಳು. ಬಸ್ಸು ಓಡಿಸುವ ಅಪ್ಪನಂತೂ ಡಿಪೋದಲ್ಲಿ ಎಲ್ಲರ ತಲೆ ತಿಂದಿದ್ದ. "ನನ್ನ ಹೆಂಡ್ತಿ ಮುಂದೆ ನಿಮ್ಮ ಶಾಲೆಗೀಲೆ ಎಲ್ಲ ಲೊಟ್ಟೆ!"

ಈ ಸಲ ಬೇಸಿಗೆ ಇನ್ನೂ ಪೂರ್ತಿ ಮುಗಿದಿರಲಿಲ್ಲ, ಆಗಲೇ ಗಾಳಿಗೆ ತಂಪು ಹತ್ತಿತು. ಒಗೆದ ಬಟ್ಟೆ ಒಣಗದು, ಉಪ್ಪಿನ ಡಬ್ಬಿಯಲ್ಲಿ ನೀರು. ಶಾಲೆಗಳು ತೆರೆಯುವ ಹೊತ್ತಾದ್ದರಿಂದ ಯೂನಿಫಾರಂ ಬಟ್ಟೆ ಮಂಚದ ತನಕ ಬಿದ್ದಿತ್ತು. ಅದರ ನಡುವೆ ಶಿಕ್ಷಣ ಕಚೇರಿಯಿಂದ ಕಾಗದ ಬಂತು: ಮನೆಯಲ್ಲಿ ಓದುವ ಮಕ್ಕಳಿಗೆ ಸೋಮವಾರ ಪರೀಕ್ಷೆ. ಮಗು ಹಿಂದೆಂದೂ ನೋಡಿರದ ಒಂದು ಪುಟ ಕೊಡುತ್ತಾರೆ, ಓದಬೇಕು. ಓದಿದರೆ ಮನೆಪಾಠ ಮುಂದುವರಿಯಬಹುದು. ಇಲ್ಲದಿದ್ದರೆ ಮತ್ತೆ ಶಾಲೆ, ಅದೂ ಎರಡನೇ ತರಗತಿಯ ಪುಟಾಣಿಗಳ ಸಾಲಿನಲ್ಲಿ. ಟೈಲರಮ್ಮ ನಕ್ಕಳು. ಅಂದು ಶುಕ್ರವಾರ.

ಮಧ್ಯಾಹ್ನ ಥಂಡಿಗೆ ಯಂತ್ರದ ತೊಗಲಿನ ಬೆಲ್ಟು ಸಡಿಲವಾಗಿ ಚಕ್ರದಿಂದ ಜಾರಿತು. ಅದನ್ನು ಕತ್ತರಿಸಿ ಗಿಡ್ಡ ಮಾಡಲು ಟೈಲರಮ್ಮ ಸ್ಟೂಲಿನಿಂದ ಇಳಿದು ಮಗಳ ಪಕ್ಕದಲ್ಲೇ ಕುಳಿತಳು. ಚೋಟು ಹೊಳೆ ದಾಟುವ ಅಜ್ಜನ ಪಾಠ ಓದುತ್ತಿದ್ದಳು. ದೋಣಿ ನಡುನೀರಿಗೆ ಬಂದಿತ್ತು, ಅಜ್ಜ ಹುಟ್ಟು ಕೈಬಿಟ್ಟಿದ್ದ. ಟೈಲರಮ್ಮ ಸುಮ್ಮನೆ ಪುಸ್ತಕದತ್ತ ನೋಡಿದಳು. ಮಗಳ ಬೆರಳ ಕೆಳಗೆ ಹೊಳೆಯೂ ಇಲ್ಲ, ದೋಣಿಯೂ ಇಲ್ಲ. ಅಲ್ಲಿದ್ದದ್ದು ಜೇನುಹುಳದ ಪಾಠ.

ಥಂಡಿಗೆ ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡಿದ್ದವು. ಉಗುರಿನಿಂದ ಬಿಡಿಸಿ ನೋಡಿದರೆ ಅಜ್ಜ, ದೋಣಿ, ನಡುನೀರು ಎಲ್ಲ ಒಳಗೇ ಇದ್ದವು. ಮಗಳು ಹೇಳಿದ್ದರಲ್ಲಿ ಒಂದಕ್ಷರ ಹೆಚ್ಚುಕಡಿಮೆಯಿಲ್ಲ.

ಟೈಲರಮ್ಮ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡು ನೀಲಿ ಬಟ್ಟೆಯ ಮೇಲೆ ದಪ್ಪಗೆ 'ಗುಂಡಿ' ಎಂದು ಬರೆದಳು. "ಇದೇನೇ, ಓದು."

ಚೋಟು ಬಟ್ಟೆ ನೋಡಿದಳು. ಆಮೇಲೆ ಅಮ್ಮನ ತುಟಿ ನೋಡಿದಳು. "ನೀನು ಮೊದ್ಲು ಹೇಳು."

"ನಾನ್ಯಾಕೆ ಹೇಳ್ಲಿ? ನೀನು ಓದು."

"ನೀನು ಒಂದ್ಸಲ ಹೇಳಿದ್ಮೇಲೆ ತಾನೇ ನಾನು ಓದೋದು? ಓದೋದು ಅಂದ್ರೆ ಅದೇ ಅಲ್ವಾ ಅಮ್ಮಾ?"

ಅವಳ ದನಿಯಲ್ಲಿ ಕಳ್ಳತನವಿರಲಿಲ್ಲ. ಇದ್ದಿದ್ದರೆ ಟೈಲರಮ್ಮ ಎರಡು ಬಾರಿಸಿ ಹಗುರಾಗುತ್ತಿದ್ದಳು. ಭುಜದ ಹದಿಮೂರೂವರೆ ಇಂಚೂ ಹಾಗಾದರೆ ಅಳತೆ ತೆಗೆಯುವಾಗಲೇ ಕಿವಿಗೆ ಬಿದ್ದದ್ದು. ಎರಡು ವರ್ಷ, ದಿನಕ್ಕೊಂದು ಪಾಠ, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಹೆಡ್ ಮೇಡಂ ಹೇಳಿದ್ದು ನಿಜವಾಗಿತ್ತು, ಅದು ಸುಡುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಸುಟ್ಟದ್ದು, ಒಂದು ದಿನವಾದರೂ ಸೂಜಿಯಿಂದ ಕಣ್ಣೆತ್ತಿ ಮಗಳ ಬೆರಳು ಎಲ್ಲಿದೆ ಎಂದು ತಾನು ನೋಡಲಿಲ್ಲ ಎಂಬುದು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಹೊರಗೆ ಮೊದಲ ಹನಿಗಳು ಬಿದ್ದವು. ಯೂನಿಫಾರಂ ಕೊಡುವ ಹೊತ್ತು ಮೀರುತ್ತಿದ್ದರೂ ಟೈಲರಮ್ಮ ಯಂತ್ರ ಮುಟ್ಟಲಿಲ್ಲ. ಸಂಜೆಯವರೆಗೆ 'ಗ' ಬರೆದಳು, ಒರೆಸಿದಳು, ಮತ್ತೆ ಬರೆದಳು. ಹೇಳಿಕೊಟ್ಟ ಕೂಡಲೇ ಚೋಟು "ಗ" ಎನ್ನುವಳು. ಪಕ್ಕದಲ್ಲಿ 'ಸ' ಬರೆದರೆ ಅದಕ್ಕೂ "ಗ" ಎಂದು, ಸರಿಯೋ ತಪ್ಪೋ ಎಂದು ಅಮ್ಮನ ಮುಖ ಹುಡುಕುವಳು. ಇನ್ನುಳಿದದ್ದು ಎರಡು ದಿನ. ಎರಡು ತಿಂಗಳಿದ್ದರೂ ಸಾಲದು ಎಂದು ಟೈಲರಮ್ಮನಿಗೆ ಗೊತ್ತಾಯಿತು.

"ಅಮ್ಮಾ, ಸೋಮವಾರ ಪರೀಕ್ಷೆ ಮಾಡೋ ಸಾಹೇಬ್ರು ಮೊದ್ಲು ಒಂದ್ಸಲ ಓದಿ ಹೇಳ್ತಾರೆ ತಾನೇ?"

ಟೈಲರಮ್ಮ ಬಟ್ಟೆಯ ಮೇಲಿನ ಸುಣ್ಣ ಕೊಡವುತ್ತಿದ್ದಳು. ತಲೆ ಎತ್ತಲಿಲ್ಲ.

"ಹೂಂ, ಹೇಳ್ತಾರೆ" ಎಂದಳು.

"ಹಾಗಾದ್ರೆ ನಂಗೇನೂ ಭಯ ಇಲ್ಲ ಬಿಡು" ಎಂದಳು ಚೋಟು.