ಮೊರ ತೌಡಿಗೆ ಕೊಂಡ ಮಗಳು

ಬಿ.ಜಿ. ಕೆರೆಯಲ್ಲಿ ಬಸ್ಸು ನಿಲ್ಲುವ ಕಡೆ ಸೂರಮ್ಮನ ಮಿರ್ಚಿ ಮಂಡಕ್ಕಿ ಅಂಗಡಿ ಇದೆ. ಅಂಗಡಿ ಎಂದರೆ ಮೇಲೊಂದು ತಗಡು, ಕೆಳಗೊಂದು ಒಲೆ, ಪಕ್ಕದಲ್ಲಿ ಮಂಡಕ್ಕಿ ಚೀಲ; ಮಿಕ್ಕಿದ್ದೆಲ್ಲ ಸೂರಮ್ಮನ ಬಾಯಿ. ಮಿರ್ಚಿ ಸಪ್ಪೆ ಎಂದ ಲಾರಿ ಡ್ರೈವರಿಗೆ, "ಮನೆಗೆ ತಗೊಂಡೋಗಿ ಹೆಂಡ್ತಿ ಮುಂದೆ ಕೂತು ತಿನ್ನಪ್ಪ, ಖಾರ ತಾನಾಗೇ ಹತ್ತುತೈತೆ" ಎಂದವಳು. ಇಂಥ ಗಟ್ಟಿಗಿತ್ತಿ ಸಂಜೆ ಅಂಗಡಿ ಮುಚ್ಚಿ ಮನೆಗೆ ಬಂದಳೆಂದರೆ ಮಾತೇ ಆಡುವುದಿಲ್ಲ. ಚೀಲದಿಂದ ಒಂದು ಹಿಡಿ ಮಂಡಕ್ಕಿ ತೆಗೆದು ಹಿತ್ತಲ ಬಾಗಿಲ ಹೊಸ್ತಿಲ ಮೇಲೆ ಇಡುತ್ತಾಳೆ. ಬೆಳಿಗ್ಗೆ ಅದು ಅಲ್ಲಿ ಇರುವುದಿಲ್ಲ.

"ಇಲಿ ಕಣೆ," ಎನ್ನುತ್ತಾನೆ ಗಂಡ ಹನುಮಣ್ಣ. ಅವನು ಪಂಚಾಯ್ತಿಯ ವಾಟರ್‌ಮನ್. ನಲ್ಲಿಯಲ್ಲಿ ನೀರು ಬಂದರೂ ಬೈಗುಳ, ಬರದಿದ್ದರೂ ಬೈಗುಳ. ಕೇಳಿ ಕೇಳಿ ಯಾವುದಕ್ಕೂ ಜಗ್ಗದ ಮನುಷ್ಯ ಆಗಿಬಿಟ್ಟಿದ್ದ.

ಇಲಿಯಲ್ಲ ಎಂದು ಸೂರಮ್ಮನಿಗೆ ಗೊತ್ತಿತ್ತು. ಅದು ರೂಪ.

ಸೂರಮ್ಮನ ಮೊದಲ ಎರಡು ಕೂಸುಗಳು ತೊಟ್ಟಿಲಲ್ಲೇ ಹೋದವು. ಮೂರನೆಯದು ಹುಟ್ಟಿದಾಗ ಪಕ್ಕದ ಮನೆಯ ಮುದುಕಿ ವೀರಮ್ಮ ಓಡಿ ಬಂದು, ಇದನ್ನಾದರೂ ತಿಪ್ಪೆಗೆ ಹಾಕಿ ಕೊಂಡುಕೋ ಎಂದಳು. ಕೂಸು ನಿಲ್ಲದ ಮನೆಗಳಲ್ಲಿ ಮೊದಲಿಂದ ನಡೆದು ಬಂದ ಪದ್ಧತಿ. ತಾಯಿ ಕೂಸನ್ನು ಹರಕು ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಬಿಟ್ಟು, ಬೆನ್ನು ಹಾಕಿ ನಡೆಯಬೇಕು. ಎಷ್ಟು ಅತ್ತರೂ ಹಿಂದಿರುಗಿ ನೋಡಬಾರದು. ಆಮೇಲೆ ಬೇರೆ ಹೆಂಗಸೊಬ್ಬಳು ಎತ್ತಿಕೊಂಡು ಬಂದು, ಯಾರದೋ ಕೂಸು ಬಿದ್ದಿತ್ತು ಬೇಕಾ ಎಂದು ಕೇಳುತ್ತಾಳೆ. ಮೊರ ತೌಡು ಕೊಟ್ಟು ಕೊಳ್ಳಬೇಕು. ಯಾರಿಗೂ ಬೇಡವಾದ, ತೌಡಿಗೆ ಮಾರಿದ ಕೂಸಿನ ಮೇಲೆ ಸಾವಿನ ಕಣ್ಣೂ ಬೀಳುವುದಿಲ್ಲ ಎಂಬುದು ಲೆಕ್ಕ. ಸೂರಮ್ಮ ಆಗ ಚಿಕ್ಕವಳು, ನಕ್ಕುಬಿಟ್ಟಳು. ನಕ್ಕಿದ್ದಲ್ಲದೆ ಇದ್ದುದರಲ್ಲೇ ಚೆಂದದ ಹೆಸರು ಹುಡುಕಿ ರೂಪ ಎಂದು ಇಟ್ಟಳು. ಹುಡುಗಿ ಮಂಡಕ್ಕಿ ಚೀಲದೊಳಕ್ಕೆ ತಲೆ ತೂರಿಸಿ ತಳದ ಪುಡಿಯನ್ನು ಮುಕ್ಕುತ್ತಾ ಆರು ವರ್ಷ ಬೆಳೆದಳು, ಒಂದು ಮಳೆಗಾಲದ ಜ್ವರಕ್ಕೆ ಹೊರಟುಹೋದಳು. ಇವತ್ತಿಗೂ ಅಂಗಡಿಯಲ್ಲಿ ಚೀಲದ ತಳ ಕೆರೆದ ಸದ್ದಾದರೆ ಸೂರಮ್ಮನ ಕೈಯ ಜಾಲರಿ ಎಣ್ಣೆಯ ಮೇಲೆ ಹಾಗೇ ನಿಲ್ಲುತ್ತದೆ.

ಅಂಗನವಾಡಿಯ ಸುಲೋಚನಮ್ಮ ಒಂದು ದಿನ ಮಿರ್ಚಿ ಕಟ್ಟಿಸಿಕೊಳ್ಳುತ್ತಾ ಪೋಷಕತ್ವದ ಮಾತು ತೆಗೆದಳು. ದಿಕ್ಕಿಲ್ಲದ ಮಕ್ಕಳನ್ನು ಸರ್ಕಾರದ ಮೂಲಕ ಮನೆಯಲ್ಲಿಟ್ಟು ಸಾಕಬಹುದಂತೆ. ಆ ರಾತ್ರಿ ಹನುಮಣ್ಣ ಯಾವತ್ತೂ ಇಲ್ಲದ ಹಾಗೆ ಎದ್ದು ಕೂತು, "ಕೇಳಿ ನೋಡಾನ ಕಣೆ," ಎಂದ. ಚಿತ್ರದುರ್ಗದ ಮಕ್ಕಳ ರಕ್ಷಣಾ ಘಟಕದಿಂದ ಕಾಂಚನಾ ಎಂಬ ಮೇಡಂ ಬಂದರು. ಮನೆ ನೋಡಿದರು, ಕಕ್ಕಸು ನೋಡಿದರು, ಅಕ್ಕಪಕ್ಕದವರನ್ನು ಕೇಳಿದರು, ಪೊಲೀಸರನ್ನೂ ವಿಚಾರಿಸಿದರು. ಕೊನೆಗೆ ಚಾಪೆಯ ಮೇಲೆ ಕೂತು ಬಿಡಿಸಿ ಹೇಳಿದರು: "ಇದು ದತ್ತು ಅಲ್ಲ ಸೂರಮ್ಮ. ಬರೋ ಮಗೂನ ತಾಯಿ ಸಿಕ್ಕರೆ ವಾಪಸ್ ಕಳಿಸಬೇಕು. ಅಲ್ಲೀವರೆಗೂ ನಾನು ತಿಂಗಳಿಗೊಂದು ಸಲ ಬಂದು ನೋಡ್ತೀನಿ."

"ಆಯ್ತು ಮೇಡಂ," ಎಂದಳು ಸೂರಮ್ಮ. ಏನು ಕೇಳಿದ್ದರೂ ಅವಳು ಆಯ್ತು ಎನ್ನುತ್ತಿದ್ದಳು.

ಹಾಗೆ ಬಂದವಳು ಮಾಲಾ, ಏಳು ವರ್ಷದ ಹುಡುಗಿ. ಆಂಧ್ರದ ಕಡೆಯಿಂದ ಶೇಂಗಾ ಕೀಳಲು ಬಂದಿದ್ದ ಕೂಲಿ ಹೆಂಗಸಿನ ಮಗಳು. ಚಳ್ಳಕೆರೆ ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂರಿಸಿ, ಬನ್ನು ತರುತ್ತೇನೆ ಎಂದು ಹೋದ ತಾಯಿ ಮತ್ತೆ ಬರಲಿಲ್ಲ. ಹೋಗುವಾಗ ಒಂದು ಸಲವೂ ತಿರುಗಿ ನೋಡಲಿಲ್ಲ ಎಂದು ಹುಡುಗಿ ಪೊಲೀಸರಿಗೆ ಹೇಳಿದ್ದಳಂತೆ. ಕಾಂಚನಾ ಇದನ್ನೂ ಸೂರಮ್ಮನಿಗೆ ತಿಳಿಸಿದ್ದರು. ಕೇಳಿದ ಮಾತು ಬೇಕಾದ ಹೊತ್ತಿಗೆ ನೆನಪಾಗಬೇಕಲ್ಲ.

ಮಾಲಾ ಗಲಾಟೆ ಮಾಡಲಿಲ್ಲ, ಅಳಲಿಲ್ಲ. ತನ್ನ ಬಟ್ಟೆಯ ಚೀಲವನ್ನು ಗೂಟಕ್ಕೆ ಹಾಕದೆ ತಲೆಯ ಹತ್ತಿರವೇ ಇಟ್ಟುಕೊಂಡು ಮಲಗುತ್ತಿದ್ದಳು. ಹನುಮಣ್ಣನ ಜೊತೆ ವಾಲ್ವ್ ತಿರುಗಿಸಲು ಹೋಗುತ್ತಿದ್ದಳು. ಸೂರಮ್ಮನನ್ನು ಆಂಟಿ ಎನ್ನುತ್ತಿದ್ದಳು. ಎಲ್ಲ ಸರಿಹೋಗುತ್ತಿದೆ ಎನ್ನುವಾಗ ಹೊಸ್ತಿಲ ಮೇಲಿನ ಮಂಡಕ್ಕಿ ರಾತ್ರಿಯವರೆಗೂ ಉಳಿಯದಂತಾಯಿತು. ಇಟ್ಟು ಒಳಗೆ ಹೋಗಿ ಬರುವಷ್ಟರಲ್ಲಿ ಖಾಲಿ.

ಒಂದು ಮುಸ್ಸಂಜೆ ಸೂರಮ್ಮ ಅಡುಗೆ ಮನೆಯಿಂದ ಬಗ್ಗಿ ನೋಡಿದಳು. ಮಾಲಾ ಹಿತ್ತಲ ಬಾಗಿಲಲ್ಲಿ ಕತ್ತಲಿಗೆ ಮುಖಮಾಡಿ ಕೂತು ಯಾರನ್ನೋ ಕರೆಯುತ್ತಿದ್ದಳು. "ರಾ... ತೊಂದರಗಾ ರಾ..." ಆ ಸೀಮೆಯಲ್ಲಿ ತೆಲುಗು ಬಾರದವರು ಯಾರು? ಬಾ, ಬೇಗ ಬಾ ಎನ್ನುತ್ತಿದ್ದಾಳೆ. ಹಿತ್ತಲಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮರುದಿನ ಹಾಸಿಗೆ ಕೊಡವಿದರೆ ಮಾಲಾಳ ಚೀಲದ ಕೆಳಗಿಂದ ಹಿಡಿ ಹಿಡಿ ಮಂಡಕ್ಕಿ ಉದುರಿತು.

ಅವಳು ವೀರಮ್ಮನ ಮನೆಗೆ ಓಡಿದಳು. "ಅತ್ತೆ, ರೂಪ ತನ್ನ ಪಾಲಿನದು ತಂದು ಇವಳಿಗೆ ಕೊಡ್ತಾವಳೆ. ಆಟಕ್ಕೆ ಜೊತೆ ಬೇಕಾಗೈತೆ ಅವಳಿಗೆ. ಇದನ್ನೂ ಕರ್ಕಂಡು ಹೋಗ್ತಾಳೆ."

"ಆವತ್ತೇ ಬಡ್ಕಂಡೆ, ನೀನು ಕೇಳ್ಲಿಲ್ಲ," ಎಂದಳು ವೀರಮ್ಮ. "ಈಗಲಾದ್ರೂ ತಿಪ್ಪೆಗೆ ಹಾಕು."

ಈ ಸಲ ಸೂರಮ್ಮ ನಗಲಿಲ್ಲ. ಹನುಮಣ್ಣನಿಗೆ ಹೇಳಲೂ ಇಲ್ಲ. ಬೆಳಿಗ್ಗೆ ಮಾಲಾಳಿಗೆ ತಲೆ ಬಾಚಿ, ಕೈ ಹಿಡಿದು ತಿಪ್ಪೆಯ ಹತ್ತಿರ ಕರೆದುಕೊಂಡು ಹೋಗಿ ಹರಕು ಮೊರದಲ್ಲಿ ಕೂರಿಸಿದಳು. "ಇಲ್ಲೇ ಕೂತಿರು," ಎಂದು ಬೆನ್ನು ಹಾಕಿದಳು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಹಿಂದಿನಿಂದ ಕಿರುಚಾಟ ಎದ್ದಿತು. ಬಂದಾಗಿನಿಂದ ಒಂದು ಹನಿ ಕಣ್ಣೀರು ಹಾಕದವಳು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದಳು. ಸೂರಮ್ಮನ ಹೆಜ್ಜೆ ನಿಧಾನವಾಯಿತು. ಆದರೂ ನೋಡಲಿಲ್ಲ. ನೋಡಿದರೆ ಹುಡುಗಿ ಉಳಿಯುವುದಿಲ್ಲ ಎಂದು ಸೆರಗು ಕಚ್ಚಿಕೊಂಡು ನಡೆದಳು. ಕೊಸರಾಡುವ ಹುಡುಗಿಯನ್ನು ವೀರಮ್ಮ ಎಳೆದುಕೊಂಡು ಬಂದು ಕೇಳಿದಳು, ಸೂರಮ್ಮ ತೌಡು ಕೊಟ್ಟಳು, ಮಾಲಾ ಅವಳ ಮಗಳಾದಳು. ಆವತ್ತಿನಿಂದ ಮಾಲಾ ಮಾತು ನಿಲ್ಲಿಸಿದಳು. ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲೇ ನಿಂತಿರುತ್ತಿದ್ದಳು, ಇನ್ನು ಯಾವಾಗ ಹೊರಡಬೇಕು ಎಂದು ಕಾಯುವವಳ ಹಾಗೆ.

ಆ ವಾರವೇ ಕಾಂಚನಾ ಬಂದರು. ಹುಡುಗಿ ಅವರೊಬ್ಬರ ಹತ್ತಿರ ಬಾಯಿ ಬಿಟ್ಟಳು: "ನನ್ನ ತಿಪ್ಪೆಗೆ ಹಾಕಿದ್ರು. ತೌಡಿಗೆ ಮಾರಿದ್ರು."

ಹನುಮಣ್ಣ ಹೆಂಡತಿಯ ಮುಖ ನೋಡಿದ. ಚೀಲದ ಕೆಳಗೆ ಮಂಡಕ್ಕಿ ಸಿಕ್ಕಿದ್ದನ್ನು ಸೂರಮ್ಮ ಹೇಳಿದಳು. ಯಾಕೆ ಬಚ್ಚಿಟ್ಟೆ ಎಂದು ಕಾಂಚನಾ ಕೇಳಿದಾಗ ಮಾಲಾ, "ಅಮ್ಮಂಗೆ. ಬಂದಾಗ ಹಸಿದಿರ್ತಾಳಲ್ಲ," ಎಂದಳು. ಸಂಜೆ ಹೊತ್ತು ಅವಳು ಕತ್ತಲಿಗೆ ಮುಖಮಾಡಿ ಕರೆಯುತ್ತಿದ್ದುದೂ ಆ ತಾಯಿಯನ್ನೇ. ಸೂರಮ್ಮ ಕಾಂಚನಾರ ಮುಂದೆ ಬಂದು ಕೂತಳು.

"ಮೇಡಂ, ಉಳೀಲಿ ಅಂತ ಮಾಡಿದೆ ಕಣ್ರಿ."

"ನನಗೆ ಗೊತ್ತಾಗುತ್ತೆ ಸೂರಮ್ಮ. ಮಗೂಗೆ ಗೊತ್ತಾಗಬೇಕಲ್ಲ?" ಎಂದರು ಕಾಂಚನಾ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಸೋಮವಾರ ದುರ್ಗಕ್ಕೆ ಕರ್ಕೊಂಡು ಬನ್ನಿ. ಅಲ್ಲಿ ಮಕ್ಕಳ ಸಮಿತಿಯವರು ಅವಳನ್ನೇ ಕೇಳ್ತಾರೆ. ಇರೋಲ್ಲ ಅಂದ್ರೆ ಬಾಲಮಂದಿರಕ್ಕೆ ಕಳಿಸ್ತೀವಿ."

ಸೂರಮ್ಮ ಆ ದಿನಗಳನ್ನು ಹೇಗೆ ಕಳೆದಳೋ. ಲಾರಿ ಡ್ರೈವರುಗಳ ಬಾಯಿ ಮುಚ್ಚಿಸುವವಳಿಗೆ ಏಳು ವರ್ಷದ ಹುಡುಗಿಗೆ ಹೇಳಲು ಒಂದು ಮಾತೂ ಹುಟ್ಟಲಿಲ್ಲ. ಭಾನುವಾರ ಬೆಳಿಗ್ಗೆ ಎದ್ದವಳು ಹರಕು ಮೊರ ಎತ್ತಿಕೊಂಡಳು. ಮಾಲಾಳನ್ನೂ ವೀರಮ್ಮನನ್ನೂ ಕರೆದುಕೊಂಡು ತಿಪ್ಪೆಗೆ ಹೋಗಿ, ಮೊರ ಹಾಕಿ ಅದರ ಮೇಲೆ ತಾನೇ ಕೂತಳು. ನೀರು ಬಿಟ್ಟು ಬರುತ್ತಿದ್ದ ಹನುಮಣ್ಣ ದಾರಿಯಲ್ಲೇ ನಿಂತ.

"ಈಗ ನೀನು ನನ್ನ ಬಿಟ್ಟು ಹೋಗು," ಎಂದಳು ಸೂರಮ್ಮ. "ನಾನು ಕೂಗಿದ್ರೂ ತಿರುಗಿ ನೋಡಬ್ಯಾಡ. ನಾನು ಮಾಡಿದ್ದು ಹಂಗೇ ಅಲ್ವಾ. ಬೇಕು ಅನ್ಸಿದ್ರೆ ಅಜ್ಜಿ ತಾವ ಕೊಂಡ್ಕೋ. ಬ್ಯಾಡ ಅನ್ಸಿದ್ರೆ ಬಿಡು, ನಾಳೆ ಮೇಡಂ ಜೊತೆ ಹೋಗು."

ಮಾಲಾ ನಡೆದಳು. ಕೂಗಬೇಕು ಎಂದುಕೊಂಡಿದ್ದ ಸೂರಮ್ಮ ಕೂಗಲಿಲ್ಲ. ಮನೆಯ ಮೂಲೆ ತಿರುಗುವಲ್ಲಿ ಹುಡುಗಿ ನಿಂತಳು. ತಿರುಗಿ ನೋಡಿದಳು.

"ಅಯ್ಯೋ, ನೋಡಬಾರ್ದು ಕಣವ್ವ!" ಎಂದು ವೀರಮ್ಮ ಹಣೆ ಚಚ್ಚಿಕೊಂಡಳು. ಮಾಲಾ ಒಳಗೆ ಓಡಿ ತನ್ನ ಬಟ್ಟೆಯ ಚೀಲ ತಂದಳು. ಅಮ್ಮನಿಗೆಂದು ಮತ್ತೆ ಕೂಡಿಟ್ಟಿದ್ದ ಮಂಡಕ್ಕಿಯನ್ನೆಲ್ಲ, ಮೆತ್ತಗಾಗಿದ್ದನ್ನೂ ಬಿಡದೆ, ವೀರಮ್ಮನ ಮಡಿಲಿಗೆ ಸುರಿದಳು. "ತೌಡು ಎಲ್ಲೈತೋ ಗೊತ್ತಿಲ್ಲ ಅಜ್ಜಿ. ಇದಕ್ಕೆ ಕೊಡ್ತೀಯಾ?" ಸೂರಮ್ಮ ತಿಪ್ಪೆಯ ಮೇಲೇ ಮುಖ ಮುಚ್ಚಿಕೊಂಡು ಅತ್ತಳು.

ಸಂಜೆ ಅವಳು ಎಂದಿನಂತೆ ಹೊಸ್ತಿಲ ಮೇಲೆ ಮಂಡಕ್ಕಿ ಇಟ್ಟಳು. ಮಾಲಾ ಪಕ್ಕದಲ್ಲಿ ಬಂದು ಕೂತು ಯಾರಿಗೆ ಎಂದು ಕೇಳಿದಳು. "ನನ್ನ ಮಗಳು ರೂಪಂಗೆ. ಸತ್ತೋದಳು," ಎಂದಳು ಸೂರಮ್ಮ. ಅಷ್ಟು ವರ್ಷದಲ್ಲಿ ಅವಳು ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಮಾಲಾ ಎದ್ದು ಹೋಗಿ ಮಂಡಕ್ಕಿ ಚೀಲದಿಂದ ಇನ್ನೊಂದು ಹಿಡಿ ತಂದು, ಅದಕ್ಕೆ ತಾಗದ ಹಾಗೆ ಪಕ್ಕದಲ್ಲಿಟ್ಟಳು. "ಇದು ಅಮ್ಮಂಗೆ."

ಸೋಮವಾರ ಬೆಳಿಗ್ಗೆ ಇಬ್ಬರೂ ಒಟ್ಟಿಗೇ ಬಾಗಿಲು ತೆರೆದರು. ರೂಪಳ ಪಾಲು ಒಂದು ಕಾಳೂ ಇರಲಿಲ್ಲ. ಪಕ್ಕದ ಹಿಡಿ ಇಟ್ಟ ಹಾಗೇ ಇತ್ತು. ಇಲಿ ಎನ್ನಬೇಕಾದ ಹನುಮಣ್ಣನೂ ನೋಡಿ ಸುಮ್ಮನಾದ.

"ನಿಮ್ ಪಾಪ ಬಂದಿದ್ಲು," ಎಂದಳು ಮಾಲಾ. "ನಮ್ಮಮ್ಮ ಬಂದಿಲ್ಲ."

ಸೂರಮ್ಮ ಅವಳ ತಲೆ ಸವರಿದಳು. ಒಂದಲ್ಲ ಒಂದು ದಿನ ಆ ಹಿಡಿಯೂ ಖಾಲಿಯಾದರೆ ಹುಡುಗಿಯನ್ನು ತನ್ನ ಕೈಯಾರೆ ಕಳಿಸಬೇಕು. ಹಾಗಾಗದಿರಲಿ ಎಂದು ಬೇಡಿಕೊಳ್ಳಲು ಹೋಗಿ, ಮಾಲಾಳ ಮುಖ ನೋಡಿ, ಬೇಡಿಕೊಳ್ಳಲಾರದೆ ಹೋದಳು. ಸಮಿತಿಯವರು ದುರ್ಗದಲ್ಲೇ ಇರಿಸಿಕೊಂಡರೆ ಬಟ್ಟೆ ಬೇಕಾದೀತು ಎಂದು ಹುಡುಗಿಯ ಚೀಲವನ್ನು ಎತ್ತಿಕೊಂಡಳು.

"ಚೀಲ ಯಾಕೆ ಆಂಟಿ?" ಎಂದಳು ಮಾಲಾ. "ಸಾಯಂಕಾಲ ಬರ್ತೀವಲ್ಲ. ಮಂಡಕ್ಕಿ ಇಡಬೇಕಲ್ಲ." ಚೀಲವನ್ನು ಕೈಯಿಂದ ತೆಗೆದುಕೊಂಡು, ತುದಿಗಾಲಲ್ಲಿ ನಿಂತು ಗೂಟಕ್ಕೆ ಹಾಕಿದಳು.