ಸಾರು ಉಕ್ಕಲಿಲ್ಲ

ನಂಬಬೇಡಿ. ಇದನ್ನು ನಂಬುವಷ್ಟು ಧೈರ್ಯ ನಿಮಗಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಒಂದೇ ಒಂದು ಕ್ಯಾಸೆಟ್ಟಿಗೆ ಮೂರು ವಿಮರ್ಶೆ ಬರೆದವನು ನಾನು. ಮೊದಲನೆಯದರಿಂದ ಕೊಳಾಲದ ಕಡೆ ಒಂದು ಮನೆ ಒಡೆಯಿತು. ಎರಡನೆಯದರಿಂದ ಎರಡು ಊರಿಗೆ ವೇದಾಂತದ ಹುಚ್ಚು ಹತ್ತಿತು. ಮೂರನೆಯದು ಮೂರೇ ಸಾಲು. ಒಡೆದ ಮನೆಯನ್ನು ಜೋಡಿಸಿತು. ಮೂರು ಸಾಲಿನಲ್ಲಿ ಇಷ್ಟು ಕೆಲಸ ಮಾಡಿದ ವಿಮರ್ಶಕ ಈ ರಾಜ್ಯದಲ್ಲಿ ಇನ್ನೊಬ್ಬನಿದ್ದರೆ ಕರೆದುಕೊಂಡು ಬನ್ನಿ, ಅವನಿಗೆ ನಾನೇ ಕಾಫಿ ಕುಡಿಸುತ್ತೇನೆ.

ಎಂಬತ್ತರ ದಶಕದ ಮಾತು. ಮಧುಗಿರಿಯ ಒಂದು ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದೆ. ಸೀಸದ ಅಕ್ಷರಗಳಿಗೆ ನಾವು ಮೊಳೆ ಎನ್ನುತ್ತಿದ್ದೆವು. ಒಂದೊಂದಾಗಿ ಹೆಕ್ಕಿ ಸಾಲು ಮಾಡುವುದು ಕೆಲಸ. ಮೊಳೆ ಕೈಯಲ್ಲಿದ್ದವನಿಗೆ ಊರು ಸ್ವಲ್ಪ ಹೆದರಿಯೇ ಇರಬೇಕು. ಯಾರದೋ ಮದುವೆ ಕಾಗದದಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂಬ ಸಾಲಿನ ಕೆಳಗೆ ‘ಆದರೂ ತನ್ನಿ’ ಎಂದು ಸೇರಿಸಿದ್ದು ನಾನೇ. ಹುಡುಗನ ಅಪ್ಪ ಕೊಡೆ ಎತ್ತಿಕೊಂಡು ಹೊಡೆಯಲು ಬಂದಿದ್ದ. ಮದುವೆ ಮುಗಿದ ಮಾರನೆಯ ದಿನ ಅದೇ ಮನುಷ್ಯ ಒಂದು ಚಿಪ್ಪು ಬಾಳೆಹಣ್ಣು ಮೇಜಿನ ಮೇಲಿಟ್ಟು ಹೋದ.

ನಮ್ಮ ಕೂಟದಿಂದ ಗುರುವಾರಕ್ಕೊಮ್ಮೆ ನಾಲ್ಕು ಪುಟದ ಪತ್ರಿಕೆ ಹೊರಡುತ್ತಿತ್ತು. ಜಾಹೀರಾತು ಬಾರದೆ ಖಾಲಿ ಉಳಿದ ಜಾಗವನ್ನು ತುಂಬುವುದೂ ನನ್ನ ಕೆಲಸವೇ. ಹಾಗಾಗಿ ನಾನು ವಿಮರ್ಶಕನೂ ಆದೆ.

ಆ ವರ್ಷ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕೆಲವರು ಸೇರಿ ಒಂದು ಕ್ಯಾಸೆಟ್ಟು ಮಾಡಿದರು. ಕಿವಿ ಕೇಳಿಸದ ಮಕ್ಕಳಿಗೆ ಕಿವಿ ಮಿಷನ್ನು ಕೊಡಿಸುವ ಉದ್ದೇಶ. ಅದರಲ್ಲಿ ಸಿನಿಮಾ ಹಾಡು ಒಂದೂ ಇಲ್ಲ, ರೇಡಿಯೋದಲ್ಲಿ ಬಂದದ್ದೂ ಇಲ್ಲ. ಅವರವರ ಹಟ್ಟಿಯ, ಓಣಿಯ, ಅಡುಗೆಮನೆಯ ಹಾಡುಗಳು. ಹಾಡಿದವರೆಲ್ಲ ಪುಕ್ಕಟೆ ಹಾಡಿದ್ದರು. ಶಿರಾದಲ್ಲಿ ಕ್ಯಾಸೆಟ್ಟಂಗಡಿ ಇಟ್ಟಿದ್ದ ಒಬ್ಬ ಭಾಯಿ ಟೇಪ್‌ರೆಕಾರ್ಡರನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಊರೂರು ತಿರುಗಿ ಎಲ್ಲವನ್ನೂ ತುಂಬಿಕೊಂಡು ಬಂದಿದ್ದ.

“ಇದುನ್ನ ಕೇಳಿ ಏನಾರ ಬರಿಯಯ್ಯಾ, ಎರಡ್ನೇ ಪುಟ್‌ದಾಗೆ ಅರ್ಧ ಕಾಲಂ ಬಾಯ್ ಬುಟ್ಕೊಂಡೈತೆ,” ಎಂದು ನಮ್ಮ ಸಂಪಾದಕರು ಒಂದು ಪ್ರತಿ ಕೊಟ್ಟರು.

ಟೀ ಅಂಗಡಿಯ ಟೇಪಿನಲ್ಲಿ, ಪಂಪ್ ಸ್ಟೌವಿನ ಭೋರಾಟದ ನಡುವೆ, ಒಂದೇ ಸಲ ಕೇಳಿದೆ. ಸಾಕಾಯಿತು. ಕೊರಟಗೆರೆಯ ಬ್ಯಾಂಡ್‌ಸೆಟ್ಟಿನ ಕ್ಲಾರಿಯೊನೆಟ್ಟಿನ ಬಗ್ಗೆ ‘ಉಸಿರು ಧಾರಾಳ, ರಾಗಕ್ಕೆ ರೇಷನ್’ ಎಂದು ಬರೆದೆ. ಪಾವಗಡದ ಒಬ್ಬ ಮೇಷ್ಟ್ರ ಬಗ್ಗೆ ‘ಕನ್ನಡದಲ್ಲಿ ಹತ್ತಿ ತೆಲುಗಿನಲ್ಲಿ ಇಳಿಯುತ್ತಾರೆ, ನಡುವೆ ಟಿಕೆಟ್ ಕೇಳುವವರಿಲ್ಲ’ ಎಂದೆ. ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಎ ಬದಿಯ ನಾಲ್ಕನೆಯ ಹಾಡು. ಕೊಳಾಲದ ಕಡೆಯ ಕುರಿ ಸಾಕುವ ಮನೆಯ ಮುದುಕಿಯೊಬ್ಬಳು, ಮಂದೆ ತಪ್ಪಿಸಿಕೊಂಡ ಮರಿಯನ್ನು ತಾಯಿಕುರಿ ಹುಡುಕುವ ಹಾಡು ಹಾಡಿದ್ದಳು. ಆದರೆ ಚೆನ್ನಾಗಿದ್ದದ್ದನ್ನು ಚೆನ್ನಾಗಿದೆ ಎಂದರೆ ನನ್ನ ಹೆಚ್ಚುಗಾರಿಕೆ ಏನು? ಆ ಹಾಡಿನ ನಡುವೆ, ರಾಗ ತಪ್ಪಿಸದೆ, ಹಾಡಿನ ದಾಟಿಯಲ್ಲೇ ಅವಳು ಸೊಸೆಗೆ ಒಂದು ಮಾತು ಹೇಳಿಬಿಟ್ಟಿದ್ದಳು:

“ಸಾರು ಉಕ್ತೈತೆ, ಸೌದೆ ಎಳ್ಯೇ, ಗ್ಯಾನ ಎಲ್ಲಿಟ್ಟಿದ್ದೀಯೇ!”

ಭಾಯಿ ಅದನ್ನು ಗಮನಿಸದೆ ಹಾಗೇ ಎಲ್ಲ ಕ್ಯಾಸೆಟ್ಟಿಗೂ ಇಳಿಸಿದ್ದ. ನಾನು ಬಿಡುತ್ತೇನೆಯೇ? ‘ನಾಲ್ಕನೇ ಹಾಡಿನ ಕಲಾವಿದೆ ಸಾರಿನ ವಿಧಾನವನ್ನೂ ತಿಳಿಸಿದ್ದಾರೆ. ಸೊಸೆಯ ಗ್ಯಾನ ಬೇರೆಡೆ ಇದ್ದ ಕಾರಣ ಸಾರು ಉಕ್ಕಿ ಒಲೆಯ ಪಾಲಾಯಿತು. ಮುಂದಿನ ಕ್ಯಾಸೆಟ್ಟಿನೊಂದಿಗೆ ಒಂದು ಲೋಟ ಸಾರನ್ನೂ ಕೊಡಬೇಕಾಗಿ ವಿನಂತಿ.’

ನಾಲ್ಕು ತಾಲ್ಲೂಕಿನಲ್ಲೂ ನಕ್ಕರು. ನಾನು ಮೂರು ದಿನ ಎದೆಯುಬ್ಬಿಸಿಕೊಂಡು ಓಡಾಡಿದೆ. ಸೋಮವಾರ ಬೆಳಿಗ್ಗೆ ಆ ಮುದುಕಿ ಅಚ್ಚುಕೂಟದ ಬಾಗಿಲಲ್ಲಿ ನಿಂತಿದ್ದಳು. ಸೊಂಟದಲ್ಲಿ ಎಲೆಯಡಿಕೆ ಚೀಲ, ಕಂಕುಳಲ್ಲಿ ನಮ್ಮ ಪತ್ರಿಕೆ.

“ಪೇಪರ್‌ನಾಗೆ ಸಾರು ಬರ್ದೋನು ಯಾವನ್ಲಾ?”

ಕೂಟದವರೆಲ್ಲ ಒಟ್ಟಿಗೆ ನನ್ನ ಕಡೆ ಬೆರಳು ತೋರಿಸಿದರು. ಅಂಥ ಒಗ್ಗಟ್ಟನ್ನು ನಾನು ಅಲ್ಲಿ ಮತ್ತೆಂದೂ ಕಾಣಲಿಲ್ಲ.

“ನೀನೇನ್ಲಾ? ಮಕ ನೋಡುದ್ರೆ ಉಪ್ಪು ಕಡ ಕೇಳಾಕ್ ಬಂದೋನಂಗಿದ್ದೀಯ.”

“ತಮಾಷೆಗ್ ಬರ್ದೆ ಕಣಮ್ಮ.”

“ತಮಾಸೆ! ನಿನ್ ತಮಾಸೆ ಓದ್ಬುಟ್ಟು ಹಟ್ಟಿ ಹೆಂಗುಸ್ರೆಲ್ಲ ನನ್ ಸೊಸೆ ಕಂಡ್ರೆ ‘ಇವತ್ತೂ ಉಕ್ತಾ?’ ಅಂತಾರೆ. ಅವ್ಳು ಮಗೀನ ಎತ್ಕೊಂಡು ಪಾವಗಡದ್ ತಾವ ತೌರಿಗೆ ಹೊಂಟೋಗವ್ಳೆ. ಇನ್ ಬರಾಕಿಲ್ಲ ಅಂತ ಹೇಳ್ ಕಳ್ಸವ್ಳೆ.”

“ಎಂಟ್ ದಿನ ಬುಟ್ಟು ಬತ್ತಾಳೆ ಬುಡಮ್ಮ.”

“ಎಂಟ್ ದಿನ ಎಲ್ಲೈತ್ಲಾ ನನ್ ತಾವ? ಭಾನುವಾರ ಇಲ್ಲೀಗೆ ಕಿವಿ ಡಾಕ್ಟ್ರು ಬತ್ತಾರೆ. ನನ್ ಮೊಮ್ಮಗ್ಳಿಗೆ ಐದ್ ವರ್ಸ. ಸಿಡ್ಲು ಹೊಡುದ್ರೂ ತಿರುಗ್ ನೋಡಾಕಿಲ್ಲ. ಆ ಮಿಷನ್ನಿಗೇ ಅಂತ ಕಣ್ಲಾ ನಾನ್ ಹಾಡಿದ್ದು.”

ಕೈಯಲ್ಲಿದ್ದ ಮೊಳೆಗಳನ್ನು ಕೆಳಗಿಟ್ಟೆ. ಮಿಷನ್ನು ಸಿಗುವ ಮಕ್ಕಳ ಪಟ್ಟಿಯನ್ನು ಅಚ್ಚು ಹಾಕಿದವನೂ ನಾನೇ. ಬೆಂಗಳೂರಿನಿಂದ ಬರುವ ಡಾಕ್ಟರು ಮಗುವಿನ ಕಿವಿ ನೋಡಿಯೇ ಮಿಷನ್ನು ಕೊಡುವುದು. ಮಗು ಬಾರದಿದ್ದರೆ ಅದು ಪಟ್ಟಿಯಲ್ಲಿ ಮುಂದಿನವರಿಗೆ. ಡಾಕ್ಟರು ಮತ್ತೆ ಯಾವಾಗ ಬರುತ್ತಾರೋ, ಅವರಿಗೇ ಗೊತ್ತಿರಲಿಲ್ಲ.

“ನೀನೇ ಬರ್ದೆ, ನೀನೇ ಅಳ್ಸು,” ಎಂದಳು.

“ಅಚ್ಚಾಗಿದ್ದು ಅಳ್ಸಕ್ಕಾಗಲ್ಲ ಕಣಮ್ಮ.”

“ಅಂಗಾರೆ ಅದ್ರು ಮ್ಯಾಲೆ ಇನ್ನೊಂದು ಬರಿ. ನನ್ ಸೊಸೆ ಬರಂಗೆ ಬರಿ.”

ಅವಳು ಹೋದ ಮೇಲೆ ನಾನು ಮಾಡಿದ ಕೆಲಸ ಕೇಳಿ, ಹೊಟ್ಟೆಕಿಚ್ಚು ಪಡಿ. ‘ಸಾರು’ ಎಂಬಲ್ಲಿ ‘ರು’ ಮೊಳೆಯನ್ನು ಕಿತ್ತು ‘ರ’ ಮೊಳೆ ಇಟ್ಟೆ. ಅಷ್ಟೇ. ‘ಸಾರ ಉಕ್ತೈತೆ, ಸೌದೆ ಎಳ್ಯೇ, ಗ್ಯಾನ ಎಲ್ಲಿಟ್ಟಿದ್ದೀಯೇ!’ ಹುಳ್ಳಿ ಸಾರು ಹೋಗಿ ಅನುಭಾವ ಬಂತು. ಅದರ ಕೆಳಗೆ ಅರ್ಧ ಕಾಲಂ ವ್ಯಾಖ್ಯಾನ: ಜೀವದ ಸಾರ ಉಕ್ಕಿ ಬರುತ್ತಿರುವಾಗ ಆಸೆಯೆಂಬ ಸೌದೆಯನ್ನು ಹಿಂದಕ್ಕೆಳೆ, ನಿನ್ನ ಜ್ಞಾನ ಎಲ್ಲಿದೆ ಎಂದು ಆತ್ಮವೆಂಬ ಸೊಸೆಯನ್ನು ಗುರುವೆಂಬ ಅತ್ತೆ ಎಚ್ಚರಿಸುತ್ತಿದ್ದಾಳೆ, ಹಿಂದಿನ ವಾರ ಇದನ್ನು ಗ್ರಹಿಸದೆ ಹೋದ ವಿಮರ್ಶಕನ ಅಜ್ಞಾನವನ್ನು ಓದುಗರು ಮನ್ನಿಸಬೇಕು.

ಗುರುವಾರ ಮಧ್ಯಾಹ್ನದ ಹೊತ್ತಿಗೆ ಬಡವನಹಳ್ಳಿಯ ಭಜನೆಯವರು ಇಬ್ಬರು ಕೂಟಕ್ಕೇ ಬಂದರು. “ಸ್ವಾಮೇರಾ, ಸೌದೆ ಅಂದ್ರೆ ಆಸೆಯೋ, ದೇಹವೋ? ನಮ್ಮಲ್ಲಿ ಜಗಳ ಬಿದ್ದೈತೆ.”

“ಒಣಗಿದ್ರೆ ಆಸೆ, ಹಸಿ ಇದ್ರೆ ದೇಹ,” ಎಂದೆ. ಕೈಮುಗಿದು ಹೋದರು.

ಶುಕ್ರವಾರ ಪತ್ರಿಕೆ ಹಿಡಿದು ಪಾವಗಡದ ಬಸ್ಸು ಹತ್ತಿದೆ. ಜೊತೆಗೆ ಶಿರಾದ ಭಾಯಿ, ಅವನ ತೊಡೆಯ ಮೇಲೆ ಟೇಪ್‌ರೆಕಾರ್ಡರು. ಸುದ್ದಿ ಕೇಳಿ ತಾನೇ ಬಂದಿದ್ದ. “ಗಲತಿ ನಂದೂ ಐತೆ ಸಾಬ್. ಇಳ್ಸೋಕ್ ಮುಂಚೆ ಇನ್ನೊಂದ್ ಸಲ ಕೇಳ್ಬೇಕಿತ್ತು, ಕೇಳ್ಲಿಲ್ಲ. ಅಜ್ಜಿ ಹಾಡಿಗೆ ನಾನೇ ಕಣ್ಣು ಮುಚ್ಕೊಂಡು ಕೂತಿದ್ದೆ, ಸಾರು ಗೀರು ಯಾರಿಗೆ ಕೇಳ್ತದೆ!”

ಸೊಸೆಯ ಅಪ್ಪ ಏಕತಾರಿ ಹಿಡಿದು ತತ್ವಪದ ಹಾಡುವ ಮುದುಕ. “ರಾ ನಾಯನಾ, ಕೂಚೋ, ಕೂಚೋ,” ಎಂದು ಜಗಲಿಯ ಮೇಲೆ ಕೂರಿಸಿದ. ನಾನು ಎರಡನೆಯ ವಿಮರ್ಶೆಯನ್ನು ಗಂಟಲು ಸರಿಮಾಡಿಕೊಂಡು ಓದಿದೆ. ಮುದುಕನ ಕಣ್ಣಲ್ಲಿ ನೀರು ನಿಂತಿತು.

“ಏನಮ್ಮಾ, ಇನ್ನಾವಾ, ಕೇಳ್ತಾ?” ಎಂದು ಒಳಗೆ ಕೂಗಿದ. “ನಿಮ್ಮತ್ತ ಎಂಥಾ ಗ್ಯಾನದ ಮಾತು ಚೆಪ್ಪವ್ಳಮ್ಮಾ!”

ಗೆದ್ದೆ ಎಂದುಕೊಂಡೆ. ಒಳಗಿನಿಂದ ಸೊಸೆ ಮೊರ ಹಿಡಿದೇ ಹೊರಗೆ ಬಂದಳು. ಅವಳ ಸೆರಗು ಹಿಡಿದು ಮಗುವೂ ಬಂತು.

“ನೀನು ಊರ್ಕೋ ಅಪ್ಪಾ,” ಎಂದು ಮೊದಲು ಅಪ್ಪನ ಬಾಯಿ ಮುಚ್ಚಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು. “ಸಾರ ಪಾರ ಎಲ್ಲ ನಿನ್ ತಾವ್ಲೇ ಇಟ್ಕೋ. ಅದು ಹುಳ್ಳಿ ಸಾರು. ನಾನೇ ಇಟ್ಟಿದ್ದು. ಅದು ಉಕ್ತು ಅಂತ ನಿಂಗ್ಯಾರು ಹೇಳಿದ್ದು?”

“ನಿಮ್ಮತ್ತೇನೇ ಹಾಡ್‌ನಾಗೆ...”

“ನಮ್ಮತ್ತೆ ಉಕ್ತೈತೆ ಅಂದ್ಳು. ಉಕ್ತು ಅಂದ್ಳಾ?”

ಅಕ್ಷರ ಜೋಡಿಸಿ ಹೊಟ್ಟೆ ಹೊರೆಯುವ ನನಗೆ ಆ ಎರಡು ಮಾತಿನ ನಡುವಿನ ಅಂತರ ಹೊಳೆದಿರಲಿಲ್ಲ.

“ಅವ್ರು ಅಂದಿದ್ದಕ್ಕೆ ಕ್ವಾಪ ಇಲ್ಲ. ಅತ್ತೆ ಅನ್ದೆ ಇನ್ಯಾರಂತಾರೆ? ನಾನ್ ಆಗ್ಲೇ ಸೌದೆ ಎಳ್ದೆ. ಒಂದ್ ತೊಟ್ಟು ಚೆಲ್ಲಿಲ್ಲ. ನೀನ್ ಕಂಡಂಗೆ ‘ಒಲೆ ಪಾಲಾತು’ ಅಂತ ಬರ್ದಿದ್ದೀಯ. ಕ್ಯಾಸೆಟ್ ಹಾಕಿ ಕೇಳು, ಕಿವಿ ಇದ್ರೆ.”

ಭಾಯಿ ಕ್ಯಾಸೆಟ್ಟು ಹಾಕಿದ. ಅಕ್ಕಪಕ್ಕದವರೂ ಬಂದು ಬಗ್ಗಿದರು. ಮಗು ಎಲ್ಲರ ಕಾಲ ಸಂದಿಯಿಂದ ನುಸುಳಿ, ತಿರುಗುವ ಚಕ್ರಗಳನ್ನೇ ನೋಡುತ್ತ ಟೇಪಿನ ಮುಂದೆ ಕೂತಿತು. ಸಾರು ಒಲೆಗೆ ಚೆಲ್ಲಿದ್ದರೆ ಬೂದಿ ಚೊಯ್ ಎನ್ನಬೇಕು ತಾನೆ? ಮುದುಕಿ ಸೊಸೆಯನ್ನು ಗದರಿದಳು. ನಾವು ಚೊಯ್‌ಗಾಗಿ ಕಾದೆವು. ಚೊಯ್ ಇಲ್ಲ. ಮುಂದಿನ ಸಾಲು ಶುರುವಾಯಿತು.

“ಇನ್ನೊಂದ್ ಸಲ,” ಎಂದಳು ಸೊಸೆ.

ಎರಡನೆಯ ಸಲ ಭಾಯಿ ದನಿಯನ್ನು ಪೂರ್ತಿ ಏರಿಸಿದ. ಟೇಪಿನ ಗುಂಯ್ ಒಳಗೆ, ಗದರಿಕೆಗೂ ಮುಂದಿನ ಸಾಲಿಗೂ ನಡುವೆ, ‘ಸರ್ರ್’ ಎಂದಿತು. “ಹಾಂ! ಸೌದೆ!” ಎಂದು ಭಾಯಿ ಕುಣಿದ. “ಇನ್ನಾನು, ಇನ್ನಾನು, ನಂಗೂ ಕೇಳ್ತು,” ಎಂದ ಮುದುಕ. ಬಗ್ಗಿದ್ದವರೆಲ್ಲ ತಲೆಯಾಡಿಸಿದರು. ನನಗೂ ಕೇಳಿಸಿತು, ಸ್ಪಷ್ಟವಾಗಿ. ಸೌದೆ ನೆಲಕ್ಕೆ ಉಜ್ಜಿಕೊಂಡು ಹೊರಬಂದದ್ದು, ಅದರ ಹಿಂದೆ ಒಂದು ಕೆಂಡ ಉರುಳಿದ್ದು. ಇನ್ನೊಂದನ್ನೂ ಗಮನಿಸಿದೆ. ಅದಾದ ಮೇಲಿನ ಸಾಲಿನಲ್ಲಿ ಮುದುಕಿಯ ದನಿ ಸಡಿಲವಾಗುತ್ತದೆ, ಕುರಿಮರಿಗೆ ತಾಯಿ ಸಿಗುವುದು ಅಲ್ಲೇ. ಒಂದು ಹಾಡನ್ನು ಕಿವಿಗೊಟ್ಟು ಕೇಳಿದ್ದು ನಾನು ಅವತ್ತೇ ಮೊದಲು.

“ನಂದು ತಪ್ಪಾಯ್ತು ತಾಯಿ,” ಎಂದೆ. ತಮಾಷೆಯಿಲ್ಲದೆ ಹೇಳಿದ್ದರಿಂದ ಬಾಯಿಗೆ ಹೊಸದಾಗಿತ್ತು.

“ನಂಗ್ ಹೇಳಿದ್ರೆ ಏನ್ ಬಂತು? ಪೇಪರ್‌ನಾಗೆ ಹಾಕು. ಸಾರು ಉಕ್ಲಿಲ್ಲ ಅಂತ.”

“ಹಾಕ್ತೀನಿ. ಆದ್ರೆ ಪೇಪರ್ ಬರೋದು ಗುರುವಾರ, ಡಾಕ್ಟ್ರು ಬರೋದು ಭಾನುವಾರ. ಮಗೀನ ಮಾತ್ರ ಕರ್ಕೊಂಡ್ ಬಾರಮ್ಮ.”

ಅವಳು ಮೊರ ಕೆಳಗಿಟ್ಟಳು. “ಬರ್ಕೊಡು,” ಎಂದಳು. ಅದನ್ನೇ ಮೂರು ಸಾಲಿನಲ್ಲಿ ಬರೆದುಕೊಟ್ಟೆ. ಸಾಕ್ಷಿ ಎಂದು ಭಾಯಿ ಉರ್ದುವಿನಲ್ಲೂ ಮುದುಕ ತೆಲುಗಿನಲ್ಲೂ ರುಜು ಹಾಕಿದರು. ಚೀಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು. ಬರುತ್ತಾಳೋ ಇಲ್ಲವೋ, ಮುದುಕನೂ ಹೇಳದಾದ. “ಅದ್ರ ಹಟ ಅದ್ರುಕೇ ಗೊತ್ತು ನಾಯನಾ,” ಎಂದನಷ್ಟೆ.

ಭಾನುವಾರ ಬೆಳಿಗ್ಗೆಯೇ ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ನಾನೂ ಆ ಅತ್ತೆಯೂ ಒಂದೇ ಕಲ್ಲುಬೆಂಚಿನ ಎರಡು ತುದಿಯಲ್ಲಿ ಕೂತಿದ್ದೆವು. ಪಾವಗಡದ ಮೊದಲ ಬಸ್ಸು ಬಂತು, ಅದರಲ್ಲಿರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಮುದುಕಿ ಎಲೆಯಡಿಕೆ ಚೀಲವನ್ನು ಬಿಚ್ಚುತ್ತಾಳೆ, ಕಟ್ಟುತ್ತಾಳೆ, ಬಾಯಿಗೆ ಹಾಕಿಕೊಳ್ಳುವುದಿಲ್ಲ. ನನಗೆ ಆ ಹೊತ್ತಿನಲ್ಲಿ ಒಂದು ಜೋಕೂ ಹೊಳೆಯಲಿಲ್ಲ. ನನ್ನನ್ನು ಬಲ್ಲವರು ಇದನ್ನೇ ನಂಬುವುದಿಲ್ಲ.

ಮೂರನೆಯ ಬಸ್ಸಿನಿಂದ ಮೊದಲು ಮಗು ಇಳಿಯಿತು.

“ಬಂದ್ಯಾ?” ಎಂದಳು ಅತ್ತೆ.

“ಬಂದೆ. ಒಲೆ ಮ್ಯಾಲೆ ಏನಿಟ್ಟು ಬಂದಿದ್ದೀರಿ?”

“ಏನೂ ಇಟ್ಟಿಲ್ಲ ಕಣೇ, ನಮ್ಮವ್ವ. ನಡೀ, ಹೊತ್ತಾಯ್ತು.”

ಡಾಕ್ಟರು ಮಗುವಿನ ಲಂಗದ ಜೇಬಿಗೆ ಒಂದು ಡಬ್ಬಿ ಇಳಿಬಿಟ್ಟು, ಅದರ ವೈರನ್ನು ಕಿವಿಗೆ ಸಿಕ್ಕಿಸಿದರು. ಮಗು ಕಿತ್ತೆಸೆಯಿತು. ಮತ್ತೆ ಸಿಕ್ಕಿಸಿದರು. ಮತ್ತೆ ಕೀಳಲು ಕೈಯೆತ್ತಿದಾಗ ಹೊರಗೆ ಒಂದು ಲಾರಿ ಹಾರನ್ ಹೊಡೆಯಿತು. ಎತ್ತಿದ ಕೈ ಹಾಗೇ ನಿಂತಿತು. ಕತ್ತು ಬಾಗಿಲ ಕಡೆ ತಿರುಗಿತು. ಅತ್ತೆ ಸೊಸೆಯ ರಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಾನು ಹೊರಗೆ ಬಂದು ಹುಣಸೆ ಮರದ ಬುಡದಲ್ಲಿ ಕೂತೆ. ಸೋಮವಾರದಿಂದ ಎದೆಯ ಮೇಲೆ ಕೂತಿದ್ದ ರುಬ್ಬುಗುಂಡು ಆಗ ಉರುಳಿ ಹೋಯಿತು.

ಗುರುವಾರ ಮೊದಲ ಪುಟದಲ್ಲೇ, ಚೌಕಟ್ಟು ಕಟ್ಟಿ, ದಪ್ಪ ಮೊಳೆಯಲ್ಲಿ ಹಾಕಿದೆ:

‘ತಿದ್ದುಪಡಿ: ಕ್ಯಾಸೆಟ್ಟಿನ ನಾಲ್ಕನೇ ಹಾಡಿನಲ್ಲಿ ಸಾರು ಉಕ್ಕಲಿಲ್ಲ.
ಸೊಸೆಯವರು ಸೌದೆಯನ್ನು ಸಕಾಲಕ್ಕೆ ಎಳೆದಿದ್ದಾರೆ.
ವಿಮರ್ಶಕರು ವಿಷಾದಿಸುತ್ತಾರೆ.’

ಭಜನೆಯವರು ಮಾತ್ರ ಇದನ್ನು ಒಪ್ಪಲಿಲ್ಲ. ಬಡವನಹಳ್ಳಿಯಲ್ಲೂ ಅದರ ಪಕ್ಕದ ಊರಿನಲ್ಲೂ ‘ಸಾರ ಉಕ್ತೈತೆ’ ಪದವನ್ನು ಎಷ್ಟೋ ವರ್ಷ ತಾಳ ಹಾಕಿಕೊಂಡು ಹಾಡಿದರು. ಹಾಡಿಕೊಳ್ಳಲಿ, ನನ್ನದೇನು ಗಂಟು ಹೋಗಬೇಕು?

ಈಗ ಒಪ್ಪಿಕೊಳ್ಳಬೇಕಾದದ್ದು. ಇಷ್ಟರಲ್ಲಿ ಒಂದೇ ಒಂದು ಸುಳ್ಳಿದೆ, ಅದು ನೀವು ಅಂದುಕೊಂಡದ್ದಲ್ಲ. ಕಿವಿ ಮಿಷನ್ನು ನಿಜ, ಹುಳ್ಳಿ ಸಾರು ನಿಜ, ಉರ್ದು ರುಜು ಕೂಡ ನಿಜ. ಸೌದೆ ಎಳೆದ ಸದ್ದು ನನಗೂ ಕೇಳಿಸಿತು ಎಂದೆನಲ್ಲ, ಕೆಂಡ ಉರುಳಿದ್ದೂ ಸೇರಿ, ಅದು ಸುಳ್ಳು. ಅಲ್ಲಿದ್ದವರಿಗೆಲ್ಲ ಕೇಳಿಸಿತ್ತು. ನನಗೆ ಕೇಳಿಸಿರಲಿಲ್ಲ.